ಏಪ್ರಿಲ್ ಬಿಸಿಲಲ್ಲಿ ಅವ್ವನ ಜೊತೆ ಬ್ಯಾಂಕಾಕ್

ಏಪ್ರಿಲ್ ತಿಂಗಳಲ್ಲಿ ಬ್ಯಾಂಕಾಕ್‌ಗೆ ಹೊರಟಿದ್ದೇವೆ ಅಂದಾಗ ಮಂಡ್ಯದಲ್ಲಿ ಒಬ್ಬರೂ ಸರಿ ಅನ್ನಲಿಲ್ಲ. “ಇಲ್ಲಿ ಬೇಯೋದು ಸಾಲದು ಅಂತ ಅಲ್ಲಿಗೆ ಹೋಗ್ತೀರಾ?” ಅಂದರು ಎದುರು ಮನೆಯವರು. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಹವಾ ಹಿತವಾಗಿರುತ್ತೆ, ಆಗ ಹೋಗಿ ಅಂತ ನನ್ನ ಭಾಮೈದ ಹೇಳಿದ. ಹೇಳಿದ್ದೆಲ್ಲ ನಿಜವೇ. ಆದರೆ ನಮ್ಮ ಕಡೆ ಶಾಲೆಗೆ ದೊಡ್ಡ ರಜೆ ಅಂತ ಸಿಗೋದೇ ಏಪ್ರಿಲ್, ಮೇ ತಿಂಗಳಲ್ಲಿ. ಅವ್ವನಿಗೆ ಗದ್ದೆ ಕೆಲಸದ ಕಡೆಯಿಂದ ಬಿಡುವು ಸಿಗೋದೂ ಆಗಲೇ. ಎಪ್ಪತ್ತರ ಹತ್ತಿರ ಬಂದ ಅವ್ವ, ಆರನೇ ಕ್ಲಾಸು ಮುಗಿಸಿದ ಮಗಳು, ನಾನು, ನನ್ನ ಹೆಂಡತಿ. ಎಲ್ಲರೂ ಒಟ್ಟಿಗೆ ಹೋಗಬೇಕು ಅಂದರೆ ಬಿಸಿಲಲ್ಲೇ ಹೋಗಬೇಕು.

ಹೋಗಿ ಬಂದ ಮೇಲೆ ನನಗೆ ಹೇಳಬೇಕು ಅನ್ನಿಸಿರೋದು ಒಂದೇ ವಿಷಯ. ಬಿಸಿಲು ಹೆಚ್ಚಿರುವ ಊರಲ್ಲಿ ನೆರಳು, ನೀರು, ಗಾಳಿ ಯಾರಿಗೆ ಸಿಗುತ್ತೆ, ಯಾರಿಗೆ ಸಿಗೋದಿಲ್ಲ ಅನ್ನೋದು ಆ ಊರಿನ ನಿಜವಾದ ಕಥೆ. ವಯಸ್ಸಾದವರನ್ನು ಕೈ ಹಿಡಿದು ನಡೆಸಿಕೊಂಡು ಹೋದಾಗ ಅದು ಬಹಳ ಸ್ಪಷ್ಟವಾಗಿ ಕಾಣುತ್ತೆ. ಒಬ್ಬನೇ ಹೋಗಿದ್ದರೆ ನಾನು ಬಿಸಿಲಲ್ಲೇ ಸರಸರ ನಡೆದುಬಿಡುತ್ತಿದ್ದೆ. ಅವ್ವನ ಜೊತೆ ಇದ್ದಾಗ ಪ್ರತಿ ಇನ್ನೂರು ಹೆಜ್ಜೆಗೂ ಒಂದು ನೆರಳು ಬೇಕು, ಕೂರೋಕೆ ಒಂದು ಕಟ್ಟೆ ಬೇಕು, ಕುಡಿಯೋಕೆ ನೀರು ಬೇಕು.

ಮೈಸೂರಿಂದ ಬರುವ ಫ್ಲೈಬಸ್‌ನಲ್ಲಿ ಮಂಡ್ಯದಿಂದಲೇ ವಿಮಾನ ನಿಲ್ದಾಣಕ್ಕೆ ಹೋದೆವು. ಬೆಂಗಳೂರಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗಿನ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುತ್ತೆ. 2006ರಲ್ಲಿ ಶುರುವಾದ ಸುವರ್ಣಭೂಮಿ ವಿಮಾನ ನಿಲ್ದಾಣದೊಳಗೆ ಸಮುದ್ರ ಮಥನದ ದೊಡ್ಡ ಶಿಲ್ಪ ಇದೆ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ವಾಸುಕಿ, ಆಮೆಯ ಬೆನ್ನ ಮೇಲೆ ಮಂದರ ಪರ್ವತ, ಅದರ ಮೇಲೆ ವಿಷ್ಣು. ಅವ್ವ ಅಲ್ಲೇ ನಿಂತು ಕೈ ಮುಗಿದಳು. ಹಿಂದೆ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದವರು ಸದ್ದಿಲ್ಲದೆ ಪಕ್ಕಕ್ಕೆ ಸರಿದು ಹೋದರು.

ಬಾಗಿಲು ದಾಟಿ ಹೊರಗೆ ಕಾಲಿಟ್ಟಾಗಲೇ ಆ ಸೆಕೆ ಅಂದರೆ ಏನು ಅಂತ ಗೊತ್ತಾಗಿದ್ದು. ಅವ್ವ ಸೆರಗಲ್ಲಿ ಮುಖ ಒರೆಸಿಕೊಂಡು, “ಇದೇನ್ ಮಗ, ಕಬ್ಬಿನ ಗದ್ದೆ ಒಳಕ್ಕೆ ಗರಿ ಸುಲಿಯಕ್ಕೆ ನುಗ್ಗಿದಂಗೈತಲ್ಲ” ಅಂದಳು. ಕಬ್ಬಿನ ಗದ್ದೆಯೊಳಗೆ ಮಧ್ಯಾಹ್ನ ನಿಂತವರಿಗೆ ಮಾತ್ರ ಈ ಮಾತು ಪೂರ್ತಿ ಅರ್ಥ ಆಗುತ್ತೆ. ಗಾಳಿ ಆಡೋದಿಲ್ಲ, ಬೆವರು ಆರೋದಿಲ್ಲ.

ಯೋಚನೆ ಮಾಡಿದರೆ ಸೂರ್ಯ ಎರಡು ಕಡೆಯೂ ಒಂದೇ. ಮಂಡ್ಯ ಇರೋದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬ್ಯಾಂಕಾಕ್ ಹದಿಮೂರು ಮುಕ್ಕಾಲರ ಹತ್ತಿರ. ಏಪ್ರಿಲ್ ಕೊನೆಯ ವಾರದಲ್ಲಿ ಎರಡೂ ಊರಿನಲ್ಲಿ ಸೂರ್ಯ ನಡು ನೆತ್ತಿಗೆ ಬರುತ್ತಾನೆ. ಆ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳಿರೋದಿಲ್ಲ. ಆದರೆ ನಮ್ಮ ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ. ರಾತ್ರಿ ಹತ್ತಾಗುವ ಹೊತ್ತಿಗೆ ಒಂದು ತಣ್ಣನೆ ಗಾಳಿ ಬಂದೇ ಬರುತ್ತೆ. ಬ್ಯಾಂಕಾಕ್ ನದಿ ತಂದು ಹಾಕಿದ ಜೇಡಿಮಣ್ಣಿನ ಬಯಲಲ್ಲಿ, ಸಮುದ್ರಕ್ಕೆ ಹೆಚ್ಚು ಕಮ್ಮಿ ಸಮನಾಗಿ ಕೂತಿದೆ. ಪಕ್ಕದ ಕೊಲ್ಲಿಯಿಂದ ತೇವ ಬರುತ್ತಲೇ ಇರುತ್ತೆ. ಗಾಳಿಯಲ್ಲಿ ಅಷ್ಟು ನೀರಿದ್ದಾಗ ಮೈಯ ಬೆವರು ಎಲ್ಲಿಗೆ ಹೋಗಬೇಕು? ಬೆವರು ಆರಿದರೆ ತಾನೇ ಮೈ ತಣ್ಣಗಾಗೋದು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಶಾಖ ಬಿಡುತ್ತೆ. ಹಾಗಾಗಿ ಥರ್ಮಾಮೀಟರಿನಲ್ಲಿ ನಮಗಿಂತ ಒಂದೆರಡು ಡಿಗ್ರಿ ಮಾತ್ರ ಜಾಸ್ತಿ ಕಂಡರೂ ಮೈಗೆ ತಗಲುವ ಸೆಕೆಯೇ ಬೇರೆ.

ಇಂಥ ಊರಲ್ಲಿ ಎರಡು ಹವಾಮಾನ ಇವೆ. ಒಂದು ದುಡ್ಡಿಗೆ ಸಿಗುವುದು. ಮಾಲ್, ಹೋಟೆಲ್, ಟ್ಯಾಕ್ಸಿ, ರೈಲು. 1999ರಲ್ಲಿ ಶುರುವಾದ ಸ್ಕೈಟ್ರೇನ್ ರಸ್ತೆಯ ಮೇಲೆ ಕಂಬಗಳ ಮೇಲೆ ಓಡುತ್ತೆ. ಅದರ ಸ್ಟೇಷನ್‌ನಿಂದ ಮಾಲ್‌ಗೆ, ಮಾಲ್‌ನಿಂದ ಇನ್ನೊಂದು ಮಾಲ್‌ಗೆ ಮೇಲಿಂದಲೇ ನಡೆದು ಹೋಗೋ ದಾರಿಗಳಿವೆ. ಹೀಗೆ ಹೋದರೆ ನೆಲಕ್ಕೆ ಕಾಲೇ ತಾಗಿಸದೆ ಅರ್ಧ ದಿನ ಕಳೆಯಬಹುದು. ರೈಲಿನೊಳಗಿನ ಚಳಿಗೆ ಅವ್ವ ಸೆರಗು ಹೊದ್ದುಕೊಂಡು ಕೂತಳು. ವಯಸ್ಸಾದವರಿಗೆ, ಬಸುರಿಯರಿಗೆ, ಭಿಕ್ಷುಗಳಿಗೆ ಅಂತ ಅಲ್ಲಿ ಸೀಟು ಬಿಟ್ಟಿರುತ್ತಾರೆ. ಅವ್ವನನ್ನು ಕಂಡ ಕೂಡಲೇ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಕೇಳಬೇಕಾದ ಪ್ರಮೇಯವೇ ಬರಲಿಲ್ಲ.

ಇನ್ನೊಂದು ಹವಾಮಾನ ಆ ರೈಲಿನ ಕೆಳಗಿದೆ. ಅಲ್ಲಿ ನೆರಳು ಕೊಡೋದು ರೈಲುದಾರಿಯ ಕಾಂಕ್ರೀಟೇ. ಆದರೆ ಗಾಳಿ ನಿಂತಿರುತ್ತೆ, ವಾಹನಗಳ ಹೊಗೆ ಅಲ್ಲೇ ಸುತ್ತುತ್ತೆ. ತಳ್ಳುಗಾಡಿಯವರು, ಬಾಡಿಗೆ ಬೈಕಿನ ಕಿತ್ತಳೆ ಅಂಗಿಯವರು, ಲಾಟರಿ ಟಿಕೆಟ್ ಹಲಗೆ ಹೊತ್ತವರು ಇಡೀ ದಿನ ಇರೋದು ಅಲ್ಲಿ. ನಾವಿದ್ದ ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಸುಟ್ಟು ಮಾರುತ್ತಿದ್ದಳು. ಮುಂದೆ ಕೆಂಡ, ಮೇಲೆ ಬಿಸಿಲು, ನಡುವೆ ಒಂದು ಮಾಸಿದ ಛತ್ರಿ. ಆ ಛತ್ರಿಯ ಕಾಲಿಗೆ ಎರಡು ಹಗ್ಗ ಕಟ್ಟಿದ್ದಳು. ಸೂರ್ಯ ಸರಿದ ಹಾಗೆಲ್ಲ ಒಂದು ಹಗ್ಗ ಬಿಚ್ಚಿ, ಇನ್ನೊಂದು ಎಳೆದು, ಛತ್ರಿಯನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತಿದ್ದಳು. ಅದರ ನೆರಳನ್ನು ತನ್ನ ತಲೆಗಿಂತ ಮೊದಲು ಹಣ್ಣಿನ ಬುಟ್ಟಿಗೆ ಬೀಳಿಸುತ್ತಿದ್ದಳು. ಅವ್ವ ಇದನ್ನು ಬಹಳ ಹೊತ್ತು ನೋಡಿದಳು. ಸಂಜಯ ಸರ್ಕಲ್ ಹತ್ತಿರ ಸೊಪ್ಪು ಮಾರೋರೂ ಹಿಂಗೇ ಅಲ್ವಾ, ಸೊಪ್ಪಿನ ಮೇಲೆ ಒದ್ದೆ ಗೋಣಿ ಹಾಕಿ ತಾವು ಬಿಸಿಲಲ್ಲಿ ಕೂರುತ್ತಾರೆ.

ನಮ್ಮ ದಿನದ ವೇಳೆಯನ್ನು ಆ ಊರೇ ತಿದ್ದಿತು. ಬೆಳಿಗ್ಗೆ ಐದೂವರೆಗೆ ಎದ್ದು ಹೊರಡೋದು, ಹತ್ತೂವರೆಯೊಳಗೆ ವಾಪಸ್ ಬಂದು ಊಟ ಮಾಡಿ ಮಲಗೋದು, ಸಂಜೆ ನಾಲ್ಕೂವರೆಯ ಮೇಲೆ ಮತ್ತೆ ಹೊರಗೆ. ಗದ್ದೆ ಕೆಲಸದವರ ವೇಳೆಯೂ ಇದೇ. ಅವ್ವನಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಹೆಂಗಸರು ಅಂಗಡಿ ಮುಂದೆ ನೀರು ಹಾಕಿ ಗುಡಿಸೋದು, ಕೇಸರಿ ಬಟ್ಟೆಯ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರೋದು, ಮನೆಯವರು ಚಪ್ಪಲಿ ಬಿಟ್ಟು, ಮಂಡಿಯೂರಿ ಅವರ ಪಾತ್ರೆಗೆ ಅನ್ನ ಹಾಕೋದು, ಎಲ್ಲ ಬಿಸಿಲು ಏರೋಕೆ ಮುಂಚೆ ನಡೆಯುತ್ತೆ. ಮಧ್ಯಾಹ್ನ ಸುತ್ತಾಡೋರು ಬಹುಪಾಲು ನಮ್ಮ ಥರ ಹೊರಗಿನಿಂದ ಬಂದವರೇ.

ಸಂಜೆ ಲುಂಪಿನಿ ಪಾರ್ಕ್. 1920ರ ದಶಕದಲ್ಲಿ ರಾಜ 6ನೇ ರಾಮ ತನ್ನ ಸ್ವಂತ ಜಾಗವನ್ನು ಬಿಟ್ಟುಕೊಟ್ಟಿದ್ದರಿಂದ ಆದ ಪಾರ್ಕು ಅದು. ಸುತ್ತ ಗಾಜಿನ ಕಟ್ಟಡಗಳು, ನಡುವೆ ಮಳೆಮರಗಳು, ಕೆರೆ. ಆ ಕೆರೆಯ ದಡದಲ್ಲಿ ಆಳುದ್ದದ ಉಡಗಳು ಆರಾಮಾಗಿ ಮಲಗಿರುತ್ತವೆ. ನಮ್ಮ ಕಡೆ ಉಡ ಅಂದರೆ ಯಾವುದೋ ಹುತ್ತದ ಹತ್ತಿರ ಕ್ಷಣ ಕಾಲ ಕಂಡು ಮಾಯವಾಗುವ ಜೀವ. ಇಲ್ಲಿ ಜನ ಓಡುತ್ತಿದ್ದಾರೆ, ಮಕ್ಕಳು ಆಡುತ್ತಿದ್ದಾರೆ, ಉಡ ನಿಧಾನವಾಗಿ ದಾರಿ ದಾಟಿ ನೀರಿಗಿಳಿಯುತ್ತೆ. ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು. ಓಡುತ್ತಿದ್ದವರು, ಸೈಕಲ್ಲಿನವರು, ಐಸ್‌ಕ್ರೀಂ ಮಾರೋರು ಎಲ್ಲ ಇದ್ದಲ್ಲೇ ನಿಂತರು. ಮಗಳೂ ಅಜ್ಜಿಯ ಕೈ ಹಿಡಿದು ನಿಂತಳು. ಗೀತೆ ಮುಗಿದ ಕೂಡಲೇ ಪಾರ್ಕಿಗೆ ಪಾರ್ಕೇ ಮತ್ತೆ ಓಡೋಕೆ ಶುರು ಮಾಡಿತು. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೂ, ಸಂಜೆ ಆರಕ್ಕೂ ಹೀಗೆಯೇ. ಇಲ್ಲಿ ಟಿಕೆಟ್ ಇಲ್ಲ. ಪಕ್ಕದ ದೊಡ್ಡ ಹೋಟೆಲಿನವರೂ, ಓಣಿಯ ಅಂಗಡಿಯವರೂ ಒಂದೇ ಮರದ ಕೆಳಗೆ ಕೂತಿರುತ್ತಾರೆ. ನನಗೆ ಇಡೀ ಬ್ಯಾಂಕಾಕ್‌ನಲ್ಲಿ ಜಾಸ್ತಿ ಗೌರವ ಬಂದಿದ್ದು ಈ ಜಾಗದ ಬಗ್ಗೆ.

ಈ ಊರು ಹುಟ್ಟಿದ್ದು ನೀರಿನ ಮೇಲೆ. 1767ರಲ್ಲಿ ಬರ್ಮಾದ ಸೇನೆ ಆಗಿನ ರಾಜಧಾನಿ ಅಯುತ್ಥಯವನ್ನು ಹಾಳುಗೆಡವಿತು. ಆಮೇಲೆ ಕೆಲ ಕಾಲ ಚಾವೊ ಪ್ರಾಯ ನದಿಯ ಪಶ್ಚಿಮ ದಡದ ಥೊನ್‌ಬುರಿ ರಾಜಧಾನಿಯಾಗಿತ್ತು. 1782ರಲ್ಲಿ 1ನೇ ರಾಮ ಪೂರ್ವ ದಡಕ್ಕೆ ಬಂದು ಬ್ಯಾಂಕಾಕ್ ಕಟ್ಟಿದ. ಸುತ್ತ ಕಾಲುವೆ ತೋಡಿಸಿದ. ಆಗ ಓಡಾಟ, ವ್ಯಾಪಾರ, ಮನೆ ಎಲ್ಲ ನೀರಿನ ಮೇಲೆಯೇ. ಆಮೇಲೆ ಮೋಟಾರು ಬಂತು, ರಸ್ತೆ ಬೇಕಾಯಿತು, ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಈಗ ಕಚೇರಿಗಳಿಂದ ತುಂಬಿಹೋಗಿರುವ ಸಿಲೊಮ್ ರಸ್ತೆಯ ಪಕ್ಕದಲ್ಲೂ ಒಂದು ಕಾಲುವೆ ಹರಿಯುತ್ತಿತ್ತು. ರಸ್ತೆ ಅಗಲ ಮಾಡೋಕೆ ಅದನ್ನು ಮುಚ್ಚಿದರು. ಇದನ್ನು ಓದಿದಾಗ ನನಗೆ ಮೈಸೂರಿನ ದೊಡ್ಡಕೆರೆ ನೆನಪಾಯಿತು. ಈಗ ಅದು ಬರೀ ದೊಡ್ಡಕೆರೆ ಮೈದಾನ, ದಸರಾ ವಸ್ತುಪ್ರದರ್ಶನ ನಡೆಯುವ ಜಾಗ. ನೀರಿದ್ದಲ್ಲಿ ನೆಲ ಮಾಡಿಕೊಂಡ ಊರುಗಳು ತಮ್ಮ ತಂಪನ್ನು ತಾವೇ ಕಳೆದುಕೊಂಡಿವೆ, ನಾವೂ ಅವರೂ ಇದರಲ್ಲಿ ಒಂದೇ.

ಉಳಿದಿರುವ ಕಾಲುವೆಗಳಲ್ಲಿ ಸೇನ್ ಸೇಪ್ ದೊಡ್ಡದು. 3ನೇ ರಾಮನ ಕಾಲದಲ್ಲಿ, 1837ರಲ್ಲಿ ಅದನ್ನು ತೋಡೋಕೆ ಶುರು ಮಾಡಿದ್ದು. ಈಗಲೂ ಕೆಲಸಕ್ಕೆ ಹೋಗೋರು ದಿನಾ ಅದರಲ್ಲಿ ಬೋಟಿನಲ್ಲಿ ಓಡಾಡುತ್ತಾರೆ. ನೀರು ಕಪ್ಪು, ವಾಸನೆಯೂ ಇದೆ. ಬೋಟಿನ ಎರಡೂ ಪಕ್ಕ ಪ್ಲಾಸ್ಟಿಕ್ ಪರದೆ ಇರುತ್ತೆ. ಎದುರಿನಿಂದ ಇನ್ನೊಂದು ಬೋಟು ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪರದೆ ಮೇಲೆತ್ತಬೇಕು, ಇಲ್ಲದಿದ್ದರೆ ನೀರೆಲ್ಲ ಮೈಮೇಲೆ. ಕಂಡಕ್ಟರು ಹೆಲ್ಮೆಟ್ ಹಾಕಿಕೊಂಡು ಬೋಟಿನ ಹೊರಗಿನ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಕೊಡುತ್ತಾರೆ. ಸೇತುವೆ ಬಂದಾಗ ತಲೆ ತಗ್ಗಿಸಿ, ದಾಟಿದ ಮೇಲೆ ಮತ್ತೆ ಕೈ ಚಾಚುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿ ಬೆಳೆದ ಅವ್ವ ಹಗ್ಗದ ಕೆಲಸವನ್ನು ಮೊದಲ ಸಲಕ್ಕೇ ಕಲಿತಳು. ಪಕ್ಕದಲ್ಲಿ ಕೂತ ಶಾಲೆ ಹುಡುಗಿ ಅವಳಿಗೆ ಹೆಬ್ಬೆರಳು ತೋರಿಸಿ ಮೆಚ್ಚಿದಳು.

ದೊಡ್ಡ ನದಿಯ ಬೋಟುಗಳಲ್ಲಿ ಗಾಳಿ ಚೆನ್ನಾಗಿ ಬರುತ್ತೆ. ಕಂಡಕ್ಟರಮ್ಮ ಉದ್ದನೆಯ ತಗಡಿನ ಡಬ್ಬಿಯನ್ನು ಟಕಟಕ ಅನ್ನಿಸುತ್ತಾ ಬರುತ್ತಾರೆ, ಚಿಲ್ಲರೆಯೂ ಟಿಕೆಟ್ಟೂ ಅದರೊಳಗೇ. ಸ್ಕೈಟ್ರೇನಿನ ಸಫಾನ್ ತಾಕ್ಸಿನ್ ಸ್ಟೇಷನ್ ಕೆಳಗೇ ಬೋಟು ಹತ್ತಬಹುದು. ವಯಸ್ಸಾದವರ ಜೊತೆ ಹೋಗುವವರಿಗೆ ನಾನು ಕೊಡುವ ಸಲಹೆ ಇದು: ಅರಮನೆಗೂ, ಮಲಗಿದ ಬುದ್ಧನಿರುವ ವಾಟ್ ಪೋ ದೇವಸ್ಥಾನಕ್ಕೂ, ಎದುರು ದಡದ ವಾಟ್ ಅರುಣ್ ದೇವಸ್ಥಾನಕ್ಕೂ ನೀರಿನ ಮೇಲೇ ಹೋಗಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸುಸ್ತಾಗೋದು ಯಾಕೆ?

ವಾಟ್ ಪೋ ಬುದ್ಧ 46 ಮೀಟರ್ ಉದ್ದ. ಅಂಗಾಲಿನ ಮೇಲೆ ಕಪ್ಪೆಚಿಪ್ಪಿನ ಹೊಳಪಿನಲ್ಲಿ 108 ಮಂಗಳ ಚಿಹ್ನೆಗಳು. ಬೆನ್ನ ಹಿಂದೆ ಸಾಲಾಗಿ 108 ಕಂಚಿನ ಪಾತ್ರೆಗಳು. ಒಂದೊಂದಕ್ಕೂ ಒಂದೊಂದು ಕಾಸು ಹಾಕುತ್ತಾ ಹೋಗಬೇಕು. ಆ ಉದ್ದನೆಯ ಕೋಣೆಯೊಳಗೆ ಕಾಸು ಬೀಳುವ ಸದ್ದು ಬಿಡದೆ ಕೇಳುತ್ತಿರುತ್ತೆ.

ಅರಮನೆ ಆವರಣದಲ್ಲಿ ಜನವೋ ಜನ. ಬಂಗಾರದ ಬಣ್ಣದ ಸ್ತೂಪ, ಗಾಜಿನ ಚೂರುಗಳ ಗೋಡೆ, ಎಲ್ಲವೂ ಬಿಸಿಲನ್ನು ಕಣ್ಣಿಗೆ ತಿರುಗಿಸಿ ಬಿಡುತ್ತವೆ. ನಾವು ಜಾಸ್ತಿ ಹೊತ್ತು ಕಳೆದಿದ್ದು ಅದರ ಸುತ್ತಲಿನ ಮಾಡಿನ ಕೆಳಗೆ. ಅಲ್ಲಿ ಗೋಡೆಯುದ್ದಕ್ಕೂ 178 ಭಾಗಗಳಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣ, ಚಿತ್ರಗಳಲ್ಲಿದೆ. ನೆರಳಿನಲ್ಲಿ ನಡೆಯುತ್ತಾ ಕಥೆ ಓದಬಹುದು. ಓದು ಬರದ ಅವ್ವ ಆ ದಿನ ನಮಗೆಲ್ಲ ಕಥೆ ಹೇಳಿದಳು. ಬೆಳ್ಳಗಿರೋದು ಹನುಮಂತ, ಹಸಿರು ಮೈಯವನು ರಾಮ, ಇದು ಲಂಕೆ, ಇದು ಸೇತುವೆ. ಸೇತುವೆ ಹತ್ತಿರ ಒಬ್ಬಳು ಮೀನಿನ ಬಾಲದ ಹೆಣ್ಣು ಕಂಡಾಗ ಅವ್ವ ನಿಂತುಬಿಟ್ಟಳು. ಅವಳು ಸುವರ್ಣ ಮತ್ಸ್ಯ, ರಾವಣನ ಮಗಳು. ಕಪಿಗಳು ಹಾಕಿದ ಬಂಡೆಗಳನ್ನು ಕದಿಯೋಕೆ ಬಂದವಳು ಹನುಮಂತನನ್ನು ಪ್ರೀತಿಸುತ್ತಾಳೆ, ಅವರಿಗೆ ಮಗನೂ ಹುಟ್ಟುತ್ತಾನೆ ಅಂತ ನಾನು ಹೇಳಿದೆ. “ಆಂಜನೇಯ ಬ್ರಮ್ಮಚಾರಿ ಕಣಪ್ಪ” ಅಂದಳು ಗಟ್ಟಿಯಾಗಿ. ಸ್ವಲ್ಪ ದೂರ ಹೋದ ಮೇಲೆ, “ಅವರ ದೇಸದಲ್ಲಿ ಅವನಿಗೂ ಒಂದು ಸಂಸಾರ ಕೊಟ್ಟವ್ರೆ, ಕೊಡ್ಲಿ ಬುಡು” ಅಂದಳು. ಈ ಮಾತನ್ನು ನಾನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಊಟದ ಬಗ್ಗೆ ಎರಡೇ ಮಾತು. ಅವ್ವ ಸೋಮವಾರ, ಶನಿವಾರ ಮಾಂಸ ಮುಟ್ಟೋದಿಲ್ಲ. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕಿರುತ್ತಾರೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಬೇಕು. ಅದು ‘ಜೇ’ ಊಟ, ಮಾಂಸ ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಆ ಅಕ್ಷರ ನೋಡೋಕೆ 17 ಅಂತ ಬರೆದ ಹಾಗೆ ಕಾಣುತ್ತೆ, ಮಗಳು ಅದನ್ನೇ ಗುರುತು ಇಟ್ಟುಕೊಂಡು ಹುಡುಕಿಕೊಟ್ಟಳು. ಏಪ್ರಿಲ್ ಮಾವಿನ ಕಾಲ. ತೆಂಗಿನ ಹಾಲಿನಲ್ಲಿ ನೆನೆದ ಅಂಟು ಅಕ್ಕಿಯ ಅನ್ನ, ಪಕ್ಕದಲ್ಲಿ ಹಣ್ಣಾದ ಮಾವು. ಬೇಸಿಗೆಯಲ್ಲಿ ಹೋಗಿದ್ದಕ್ಕೆ ಇದೊಂದೇ ಸಾಕಾಗಿತ್ತು. ಕಬ್ಬಿನ ಹಾಲನ್ನು ಬಾಟಲಿಯಲ್ಲಿ ತುಂಬಿ ಐಸಿನಲ್ಲಿಟ್ಟು ಮಾರುತ್ತಾರೆ. ಥಾಯ್ಲೆಂಡ್ ಜಗತ್ತಿಗೆ ಸಕ್ಕರೆ ಮಾರುವ ದೊಡ್ಡ ದೇಶಗಳಲ್ಲಿ ಒಂದು. ಮಂಡ್ಯದವರು ಅಷ್ಟು ಸುಲಭಕ್ಕೆ ಒಪ್ಪುತ್ತಾರಾ? “ಸುಂಠಿ ನಿಂಬೆಹಣ್ಣು ಇಲ್ದೆ ಎಂಥ ಕಬ್ಬಿನಾಲು” ಅಂದಳು ಅವ್ವ, ಪೂರ್ತಿ ಕುಡಿದು.

ಸಿಲೊಮ್ ರಸ್ತೆಯ ಮೂಲೆಯೊಂದರಲ್ಲಿ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ ಇದೆ. 19ನೇ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ತಮಿಳರು ಕಟ್ಟಿದ್ದು. ಬಣ್ಣದ ಗೋಪುರ ದೂರದಿಂದಲೇ ಕಂಡಿತು. ಬೆಳಗಿನ ಹೊತ್ತು ಹೋದೆವು. “ಮಾರಮ್ಮ ಇಲ್ಲಿಗೂ ಬಂದವ್ಳಾ ಮಗ?” ಅಂದಳು ಅವ್ವ. ತಮಿಳರ ಜೊತೆ ಬಂದಳಂತೆ ಅಂದೆ. ಅವ್ವ ಚಪ್ಪಲಿ ಬಿಟ್ಟು ನಮ್ಮನ್ನೂ ಕಾಯದೆ ಒಳಗೆ ಹೋದಳು. ಒಳಗೆ ತಮಿಳರಿಗಿಂತ ಥಾಯ್ ಜನವೇ ಜಾಸ್ತಿ. ಕಚೇರಿಗೆ ಹೋಗುವ ಹುಡುಗಿಯರು ಚೆಂಡುಹೂವಿನ ಹಾರ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ಸಾಲಲ್ಲಿ ನಿಂತಿದ್ದರು. ಆರತಿ ಬಂದಾಗ ಅವರೂ ನಮ್ಮ ಹಾಗೇ ಕೈ ಸೋಕಿಸಿ ಕಣ್ಣಿಗೊತ್ತಿಕೊಂಡರು. ಹಣೆಗೆ ಕುಂಕುಮ ಇಟ್ಟುಕೊಂಡು ಹಾಗೇ ಕೆಲಸಕ್ಕೆ ಹೋದರು.

ನಮ್ಮ ಹಳ್ಳಿ ಪಾಂಡವಪುರ ತಾಲ್ಲೂಕಿನಲ್ಲಿದೆ. ಅಲ್ಲಿ ಬೇಸಿಗೆಯಲ್ಲೇ ಮಾರಮ್ಮನ ಹಬ್ಬ. ಬೇವಿನ ಸೊಪ್ಪು, ತಂಬಿಟ್ಟಿನ ಆರತಿ, ಮೊಸರನ್ನ, ಪಾನಕ, ಮಜ್ಜಿಗೆ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಆಗಿದೆ ಅನ್ನುತ್ತಾರೆ, ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ. ಅಮ್ಮನಿಗೆ ತಂಪು ಮಾಡಬೇಕು ಅನ್ನೋದು ಅವ್ವನ ಬಾಯಲ್ಲಿ ಬೇಸಿಗೆ ಪೂರ್ತಿ ಇರುವ ಮಾತು. ಬಿಸಿಲಿಗೆ ಹೆದರುವ ಜನ ಬಿಸಿಲಿಗೇ ಒಬ್ಬ ತಾಯಿಯನ್ನು ಕಂಡುಕೊಂಡು, ಅವಳನ್ನು ತಣ್ಣಗಿಟ್ಟರೆ ಊರು ತಣ್ಣಗಿರುತ್ತೆ ಅಂತ ನಂಬಿದರು. ಸಮುದ್ರ ದಾಟಿ ಕೂಲಿಗೋ ವ್ಯಾಪಾರಕ್ಕೋ ಬಂದ ತಮಿಳರು ಈ ಸೆಕೆಯಲ್ಲಿ ಮೊದಲು ನೆನೆದಿದ್ದು ಅವಳನ್ನೇ. ನನಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಮನೆ ಬಿಟ್ಟು ಬಂದವರಿಗೆ ಮನೆಯ ನೆರಳು ಬೇಕೇ ಬೇಕಲ್ಲ. ಅವ್ವ ಕಂಬಕ್ಕೆ ಒರಗಿ ಕೂತು, ಸೆರಗಿನ ಗಂಟು ಬಿಚ್ಚಿ, ಊರಿಂದ ತಂದಿದ್ದ ಹತ್ತು ರೂಪಾಯಿ ನಾಣ್ಯವನ್ನು ಹುಂಡಿಗೆ ಹಾಕಿದಳು. ಅಲ್ಲಿನ ದುಡ್ಡು ಬಾತ್ ಹಾಕು ಅಂತ ಮಗಳು ನೋಟು ಚಾಚಿದರೆ, “ಅದು ನಿಮ್ಮ ದುಡ್ಡು, ಇದು ನನ್ನ ಮುಡುಪು” ಅಂದಳು.

ನಾವು ಅಲ್ಲಿದ್ದಾಗಲೇ ಸೊಂಗ್ಕ್ರಾನ್ ಬಂತು. ಏಪ್ರಿಲ್ 13ರಿಂದ 15, ಅವರ ಸಾಂಪ್ರದಾಯಿಕ ಹೊಸ ವರ್ಷ. ಸೂರ್ಯ ಮೇಷಕ್ಕೆ ಬರುವ ಹೊತ್ತು, ತುಳುನಾಡಿನ ಬಿಸು, ಕೇರಳದ ವಿಷು ಬರುವುದೂ ಆಗಲೇ. 2023ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಗಳಲ್ಲಿ ನಾವು ನೋಡೋದು ರಸ್ತೆಯಲ್ಲಿ ನೀರಿನ ಪಿಸ್ತೂಲು ಹಿಡಿದು ಕುಣಿಯುವ ಹುಡುಗರನ್ನು. ಅದೂ ಇದೆ. ಮಗಳು ಅದರಲ್ಲಿ ಮನಸಾರೆ ನೆನೆದಳು, ಕೆನ್ನೆಗೆ ಬಿಳಿ ಸುಣ್ಣದಂಥದ್ದು ಬಳಿಸಿಕೊಂಡಳು.

ಆದರೆ ಹಬ್ಬದ ಹಳೆಯ ಆಚರಣೆ ಬೇರೆ, ಅದನ್ನು ನಾವು ಇಳಿದುಕೊಂಡಿದ್ದ ಚಿಕ್ಕ ಗೆಸ್ಟ್‌ಹೌಸಿನಲ್ಲೇ ನೋಡಿದೆವು. ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಪುಟ್ಟ ಬುದ್ಧ. ಪಕ್ಕದ ಬೆಳ್ಳಿ ಬಣ್ಣದ ಬಟ್ಟಲಲ್ಲಿ ಮಲ್ಲಿಗೆ, ಗುಲಾಬಿ ಎಸಳು ತೇಲುವ ಪರಿಮಳದ ನೀರು. ಬಂದವರೆಲ್ಲ ಒಂದು ಸಣ್ಣ ಬಟ್ಟಲಲ್ಲಿ ಆ ನೀರು ತೆಗೆದು ಬುದ್ಧನ ಭುಜಕ್ಕೆ ಹಾಕುತ್ತಿದ್ದರು. ಆಮೇಲೆ ಮಾಲೀಕರ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿಟ್ಟು ಅವ್ವನನ್ನು ಕರೆದರು. ಅವ್ವನಿಗೆ ಸಂಕೋಚ. “ಅತ್ತೆ, ಕೂತ್ಕೊಳ್ಳಿ, ಇದು ದೊಡ್ಡೋರ ಆಶೀರ್ವಾದ ಕೇಳೋದಂತೆ” ಅಂತ ನನ್ನ ಹೆಂಡತಿ ಕೂರಿಸಿದಳು. ಮನೆಯ ಮಕ್ಕಳು, ಮೊಮ್ಮಕ್ಕಳು, ಕೆಲಸದ ಹುಡುಗಿ ಒಬ್ಬೊಬ್ಬರಾಗಿ ಮಂಡಿಯೂರಿ ಇಬ್ಬರು ಮುದುಕಿಯರ ಬೊಗಸೆಗೂ ಆ ನೀರನ್ನು ನಿಧಾನವಾಗಿ ಎರೆದರು. ಕೆಳಗೆ ಒಂದು ಬೋಗುಣಿ. ಆ ತಾಯಿ ಥಾಯ್‌ನಲ್ಲಿ ಏನೋ ಹರಸಿ ಒದ್ದೆ ಕೈಯನ್ನು ತಲೆ ಮೇಲೆ ಸವರುತ್ತಿದ್ದರು. ಅವ್ವನೂ ನೋಡಿ ಕಲಿತು, “ನೂರ್ಕಾಲ ಚೆಂದಾಗಿ ಬಾಳ್ರಪ್ಪ, ಮಳೆ ಬೆಳೆ ಚೆಂದಾಗಾಗ್ಲಿ” ಅಂದಳು. ಒಂದು ಅಕ್ಷರ ತಿಳಿಯದಿದ್ದರೂ ಆ ಮಕ್ಕಳು ತಲೆ ಬಾಗಿಸಿ ಪೂರ್ತಿ ಕೇಳಿಸಿಕೊಂಡವು. ನಮ್ಮ ಮಗಳು ಆ ತಾಯಿಯ ಕೈಗೆ ಎರೆದಳು, ಆಮೇಲೆ ಅಜ್ಜಿಯ ಕೈಗೆ. ಮೂರನೇ ಸರದಿ ನನ್ನದು. ಅವ್ವನ ಅಂಗೈಯ ಗೆರೆಗಳಲ್ಲಿ ಕುಡುಗೋಲಿನ ಹಳೆ ಗಾಯದ ಗುರುತಿದೆ. ನೀರು ಅದರ ಮೇಲೆ ಹರಿಯುವುದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ.

ರಾತ್ರಿ ಪಾಕ್ ಖ್ಲೋಂಗ್ ತಲಾತ್‌ಗೆ ಹೋದೆವು. ನದಿ ಪಕ್ಕದ ಹೂವಿನ ಮಾರ್ಕೆಟ್ಟು, ರಾತ್ರಿ ಹಗಲು ತೆರೆದಿರುತ್ತೆ, ರಾತ್ರಿಯೇ ವ್ಯಾಪಾರ ಜೋರು. ಬಿಸಿಲಿಗೆ ಬಾಡುವ ಸರಕು ಅಲ್ವಾ. ಮಲ್ಲಿಗೆ ಮೊಗ್ಗಿನ ರಾಶಿಯ ಪಕ್ಕದಲ್ಲಿ ಐಸು. ತಾವರೆ ಮೊಗ್ಗಿನ ಹೊರ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ ಬೇರೆಯದೇ ಹೂವು ಮಾಡಿಬಿಡುತ್ತಾರೆ. ಅವರ ಹೆಂಗಸರು ಉದ್ದನೆ ಸೂಜಿಯಲ್ಲಿ ಮೊಗ್ಗು ಪೋಣಿಸುತ್ತಾರೆ. ಅವ್ವ ಒಬ್ಬಾಕೆಯ ಪಕ್ಕ ಕೂತು, ಅಲ್ಲೇ ಬಿದ್ದಿದ್ದ ಬಾಳೆ ನಾರು ಸೀಳಿ, ನಮ್ಮ ಕಡೆ ಹೂ ಕಟ್ಟುವ ರೀತಿ ತೋರಿಸಿದಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರನ್ನು ಬೆರಳಿಗೆ ಸುತ್ತಿ ಒಂದು ಗಂಟು. ಸೂಜಿ ಇಲ್ಲದೆ ಮೊಳ ಬೆಳೆಯುವುದನ್ನು ಆಕೆ ಕೆಲಸ ನಿಲ್ಲಿಸಿ ನೋಡಿದಳು. ತಾನೂ ಪ್ರಯತ್ನಿಸಿದಳು. ಗಂಟು ಜಾರಿತು. ಅವ್ವ ಆಕೆಯ ಬೆರಳನ್ನೇ ಹಿಡಿದು ಮತ್ತೊಮ್ಮೆ ತೋರಿಸಿದಳು. ಭಾಷೆ ಬೇಕಾಗಲಿಲ್ಲ. ಕಾಸು ಕೊಡಲು ಹೋದರೆ ಆಕೆ ತೆಗೆದುಕೊಳ್ಳದೆ ಅವ್ವನ ಮುಡಿಗೆ ಒಂದು ಹಾರ ಇಟ್ಟಳು.

ವಾಪಸ್ ಬರುವಾಗ ಬೆಂಗಳೂರಿಂದ ಮಂಡ್ಯದವರೆಗೆ ಬಸ್ಸಿನ ಕಿಟಕಿಯಲ್ಲಿ ನಾನು ನೋಡುತ್ತಾ ಬಂದಿದ್ದು ಮರಗಳನ್ನು. ಇರಲಿಲ್ಲ. 118 ಕಿಲೋಮೀಟರ್‌ನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ನಮ್ಮ ಮಂಡ್ಯದಲ್ಲೇ ಉದ್ಘಾಟನೆಯಾಯಿತು. ಸಮಯ ಉಳಿಯುತ್ತೆ, ಅದನ್ನು ಅಲ್ಲಗಳೆಯೋದಿಲ್ಲ. ಹಳೇ ಮೈಸೂರು ರಸ್ತೆಯ ಎರಡೂ ಬದಿಗಿದ್ದ ಆಲ, ಹುಣಸೆ ಮರಗಳು ಎಷ್ಟೋ ಕಡೆ ಹೋದವು. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಗಾಜು ಮುಚ್ಚಿದ ಕಾರಿನವರು ತಣ್ಣಗೆ ಸಾಗುತ್ತಾರೆ. ಮರ ಯಾರಿಗೆ ನಿಜವಾಗಿ ಬೇಕಿತ್ತೋ ಅವರು, ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವರು, ಬಸ್ಸಿಗೆ ಕಾಯುವ ಹೆಂಗಸರು, ಎಳನೀರು ಮಾರೋರು, ಬರೀ ಬಯಲಲ್ಲಿ ನಿಂತಿದ್ದಾರೆ. ಬ್ಯಾಂಕಾಕ್‌ನ ರೈಲಿನ ಕೆಳಗೆ ಕಂಡಿದ್ದೂ ಇದನ್ನೇ. ಮಂಡ್ಯ ಇನ್ನೂ ಅಷ್ಟು ದೊಡ್ಡ ಊರಲ್ಲ. ನಮ್ಮ 100 ಅಡಿ ರಸ್ತೆಗೆ, ಬಸ್ ನಿಲ್ಲುವ ಜಾಗಗಳಿಗೆ, ಸರ್ವಿಸ್ ರಸ್ತೆಯ ಅಂಚಿಗೆ ಹೊಂಗೆ, ಬೇವು ಹಾಕೋದಕ್ಕೆ ಇನ್ನೂ ಜಾಗವಿದೆ. ರಸ್ತೆಯ ಯೋಜನೆ ಮಾಡೋರು ಗಾಡಿ ಓಡುವ ವೇಗದ ಜೊತೆಗೆ ಒಬ್ಬ ಮುದುಕಿ ಎಷ್ಟು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಕೇಳದವರಿಗೂ ಹೇಳುತ್ತಿದ್ದೇನೆ.

ಮೇ ತಿಂಗಳಲ್ಲಿ ಊರಿನ ಮಾರಮ್ಮನ ಹಬ್ಬಕ್ಕೆ ಹೋದಾಗ ಹೆಂಗಸರೆಲ್ಲ ಅವ್ವನನ್ನು ಮುತ್ತಿಕೊಂಡರು. ಏನು ನೋಡಿದೆ ಅಕ್ಕ, ಹೇಳು ಅಂತ. ಅರಮನೆಯ ಫೋಟೊ ತೋರಿಸೋಕೆ ನಾನು ಫೋನು ತೆಗೆದೆ. ಅವ್ವ ಅದರ ಕಡೆ ನೋಡಲೂ ಇಲ್ಲ. ಕೈಗೆ ನೀರು ಎರೆಯೋದು ಹೇಗೆ ಅಂತ ಒಂದು ಚೊಂಬು ತರಿಸಿ ತೋರಿಸಿದಳು. ನಮ್ಮ ಮಾರಮ್ಮನಿಗೆ ಅಲ್ಲೊಂದು ಗುಡಿ ಇದೆ, ಅಲ್ಲಿನ ಹೆಣ್ಣುಮಕ್ಕಳು ಅವಳಿಗೆ ನಮಗಿಂತ ಚೆನ್ನಾಗಿ ನಡೆದುಕೊಳ್ಳುತ್ತಾರೆ ಅಂದಳು. ಸೆಕೆ ತಡೆದುಕೊಂಡೆಯಾ ಅಂತ ಯಾರೋ ಕೇಳಿದರು.

“ಸೆಕೆ ಎಲ್ಲಿಲ್ಲ ಹೇಳವ್ವ? ಹೋಗೋದಾದ್ರೆ ಆ ನೀರಿನ್ ಹಬ್ಬಕ್ಕೇ ಹೋಗ್ರಿ, ಎಳೆ ಮಕ್ಕಳನ್ನೂ ಕರ್ಕೊಂಡೇ ಹೋಗ್ರಿ. ಮದ್ಯಾನ ಮಾತ್ರ ಮನಿಕ್ಕೊಳಿ.”